ಗೆದ್ದ ಕುದುರೆಯೂ ಅದನ್ನು ಪಳಗಿಸಿದವನೂ



ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ ಸಂಸೆ ಎಂಬುದೊಂದು ಸಣ್ಣ ಊರು ಇದೆ. ಹಿಂದೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದ ಈ ಊರು ಈಗ ಚಿಕ್ಕಮಗಳೂರು ಜಿಲ್ಲೆಯದು. ಕಾಫಿ, ಚಹಾ, ಅಡಿಕೆ, ಏಲಕ್ಕಿಗಳ ನಡುವೆ, ವರ್ಷದ ಬಹುಭಾಗ ಮಳೆ ಮಂಜುಗಳಲ್ಲಿ ಮುಳುಗಿರುವ ಈ ಊರಿಗೆ ಸಮೀಪವಾಗಿ 1,894 ಮೀಟರು ಎತ್ತರದ ಒಂದು ಶಿಖರವು ನಿಂತಿದೆ. ಸಂಸೆಯ ಕಡೆಯಿಂದಲೇ ಅದನ್ನು ಏರುವ ವಾಡಿಕೆಯಿದ್ದುದರಿಂದ ಹಿಂದಿನವರು ಅದನ್ನು ಸಂಸೆಪರ್ವತವೆಂದು ಕರೆಯುತ್ತಿದ್ದರು. ಆದರೆ ಕಡೆಗೆ ನಿಂತ ಹೆಸರು ಬೇರೆ. ಪಶ್ಚಿಮದ ಕಡಲ ಕಡೆಯಿಂದ ನೋಡಿದವರ ಕಣ್ಣಿಗೆ ಆ ಬೆಟ್ಟವು ಕುದುರೆಯ ಮುಖದಂತೆ ತೋರಿತು, ಕುದುರೆಮುಖವೆಂಬುದೇ ಲೋಕರೂಢಿಯಾಯಿತು.

ಇದರಲ್ಲಿ ಒಂದು ಸೋಜಿಗವುಂಟು. ಮಲೆನಾಡು ಕುದುರೆಯ ನಾಡಲ್ಲ. ಇಲ್ಲಿಯ ಕಡಿದಾದ ದಾರಿಗಳಲ್ಲಿ ಅಕ್ಕಿ, ಉಪ್ಪು, ಮೆಣಸುಗಳನ್ನು ಹೊತ್ತು ಘಟ್ಟವಿಳಿದು ಹತ್ತಿದುದು ಹೇರೆತ್ತು. ಕುದುರೆಯು ನಮ್ಮ ದೇಶದ ಈ ಭಾಗಕ್ಕೆ ಕಡಲ ಮೇಲಿನಿಂದ, ಅರಬ್ ಮತ್ತು ಪಾರಸೀಕ ದೇಶಗಳಿಂದ, ಬಹು ದುಬಾರಿಯ ಬೆಲೆಗೆ ಬಂದಿಳಿದ ಪ್ರಾಣಿ. ಹಾಗೆ ಬಂದ ಕುದುರೆಯನ್ನು ಕೊಂಡವರ ಹೆಸರು ಚರಿತ್ರೆಯಲ್ಲಿದೆ; ಏರಿದವರ ಹೆಸರೂ ಇದೆ. ಅದನ್ನು ದಿನದಿನವೂ ತಿನ್ನಿಸಿ, ತೊಳೆದು, ನಡೆಸಿ, ಓಡಿಸಿ, ಪಳಗಿಸಿದವನ ಹೆಸರು ಎಲ್ಲಿದೆ? ತನ್ನ ಮೆಚ್ಚಿನ ಕುದುರೆಯು ಗೆದ್ದ ದಿನ ಅವನಿಗುಂಟಾಗುವ ಹೆಮ್ಮೆಯು ಎಂತಹುದು? ಈ ಪ್ರಶ್ನೆಯನ್ನೇ ನಾವು ಇಂದು ಚರಿತ್ರೆಯ ಮುಂದೆ ಇಡಬೇಕೆಂದಿರುವೆವು.

ಕುದುರೆಯ ಜೂಜೆಂದೊಡನೆ ನಗರವಾಸಿಗಳಾದ ನಮ್ಮಲ್ಲನೇಕರಿಗೆ ನೆನಪಾಗುವುದು ಹಣ. ಒಂದು ಮಧ್ಯಾಹ್ನದಲ್ಲಿ ಮನೆಮಠ ಕಳೆದುಕೊಂಡವರ ಕತೆಯನ್ನು ಕೇಳದವರು ಕಡಮೆ. ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಣವೊಡ್ಡಿದವನ ಸಂತೋಷವು ಒಂದು, ಪಳಗಿಸಿದವನ ಸಂತೋಷವು ಮತ್ತೊಂದು. ಪಣವೊಡ್ಡಿದವನಿಗೆ ಕುದುರೆಯು ಒಂದು ಅಂಕಿ. ಮುಂದಿನ ಓಟಕ್ಕೆ ಬೇರೊಂದು ಅಂಕಿ. ಪಳಗಿಸಿದವನಿಗಾದರೋ ಅದು ಬೆಳಗಿನ ಜಾವದಲ್ಲಿ ಲಾಯದ ಬಾಗಿಲು ತೆರೆದಾಗ ಕಿವಿ ನಿಮಿರಿಸಿ ನೋಡುವ ಒಂದು ಜೀವ. ರಾತ್ರಿ ಇಟ್ಟ ಮೇವಿನಲ್ಲಿ ಎಷ್ಟು ಉಳಿಯಿತೆಂಬುದನ್ನು ನೋಡಿಯೇ ಅವನು ಅದರ ಮೈಯ ಸ್ಥಿತಿಯನ್ನು ಊಹಿಸಬಲ್ಲನು. ಮುಂಗಾಲಿನ ನರದ ಮೇಲೆ ಅಂಗೈಯಿಟ್ಟು, ಬಿಸಿಯೇನಾದರೂ ಇದೆಯೇ ಎಂದು ನೋಡಿ, ಈ ದಿನ ಓಡಿಸಬೇಕೋ ಬೇಡವೋ ಎಂದು ನಿಶ್ಚಯಿಸುವವನು ಅವನು. ಎರಡು ನಿಮಿಷದ ಓಟದ ಹಿಂದೆ ಎರಡು ವರ್ಷಗಳ ಇಂತಹ ಬೆಳಗುಗಳಿರುತ್ತವೆ.

ಈ ವಿದ್ಯೆಯು ಬಹು ಪುರಾತನವಾದುದು. ಇಂದಿನ ತುರ್ಕಿ ದೇಶದ ಬೊಗಾಜ್‌ಕೊಯ್ ಎಂಬಲ್ಲಿ, ಹಿಟ್ಟೈಟ್ ಜನರ ರಾಜಧಾನಿಯಾಗಿದ್ದ ಹತ್ತುಶದ ಅವಶೇಷಗಳಲ್ಲಿ, ಮಣ್ಣಿನ ಹಲಗೆಗಳ ಮೇಲೆ ಬರೆದ ಒಂದು ಗ್ರಂಥವು ದೊರೆತಿದೆ. ಸುಮಾರು ಕ್ರಿ.ಪೂ. 14ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಗ್ರಂಥದ ಕರ್ತೃ ಅರಸನಲ್ಲ, ಪುರೋಹಿತನಲ್ಲ. ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕ. ತನ್ನ ಹೆಸರು, ತನ್ನ ಕಸುಬು, ತನ್ನ ದೇಶ, ಈ ಮೂರನ್ನು ಮೊದಲೇ ಹೇಳಿ ಅವನು ಪಾಠವನ್ನು ಪ್ರಾರಂಭಿಸುವನು. ರಥಕ್ಕೆ ಕಟ್ಟುವ ಕುದುರೆಗಳನ್ನು ತಿಂಗಳುಗಟ್ಟಲೆ ಯಾವ ದಿನ ಎಷ್ಟು ದೂರ ನಡೆಸಬೇಕು, ಎಷ್ಟು ಓಡಿಸಬೇಕು, ಯಾವಾಗ ಮೀಯಿಸಬೇಕು, ಯಾವಾಗ ಕಂಬಳಿ ಹೊದಿಸಬೇಕು, ಯಾವ ರಾತ್ರಿ ಮೇವನ್ನು ತಡೆಯಬೇಕು ಎಂಬುದೆಲ್ಲವನ್ನೂ ದಿನಚರಿಯಂತೆ ಬರೆದಿರುವನು. ನಮಗೆ ಇನ್ನೂ ಆಶ್ಚರ್ಯಕರವಾದುದೆಂದರೆ ಸುತ್ತುಗಳನ್ನು ಎಣಿಸುವಾಗ ಅವನು ಬಳಸುವ ಐಕ, ತೇರ, ಪಂಜ, ಸತ್ತ ಎಂಬ ಸಂಖ್ಯಾವಾಚಕಗಳು. ಸಂಸ್ಕೃತದ ಏಕ, ತ್ರಿ, ಪಂಚ, ಸಪ್ತಗಳ ನೆಂಟರು ಇವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಒಬ್ಬ ಅಶ್ವಶಿಕ್ಷಕನು ತನ್ನ ಕೆಲಸವು ಬರೆದಿಡಲು ಯೋಗ್ಯವಾದುದೆಂದು ತಿಳಿದು ಹೆಸರು ಹಾಕಿದನು. ಅವನ ಅನಂತರ ಬಂದ ಲಕ್ಷಾಂತರ ಮಂದಿಗೆ ಈ ಭಾಗ್ಯವು ದೊರೆಯಲಿಲ್ಲ.

ಗ್ರೀಕರ ಒಲಿಂಪಿಯ ಪಂದ್ಯಗಳಲ್ಲಿಯೂ ಗೆಲುವಿನ ಮಾಲೆಯು ಸಲ್ಲುತ್ತಿದ್ದುದು ಕುದುರೆಯ ಒಡೆಯನಿಗೆ, ಸವಾರನಿಗಲ್ಲ. ಸ್ಪಾರ್ಟದ ರಾಜಕುಮಾರಿ ಕಿನಿಸ್ಕೆಯು ಕ್ರಿ.ಪೂ. 396ರಲ್ಲಿ ಗೆದ್ದವಳೆನಿಸಿಕೊಂಡುದು ಒಡತಿಯಾಗಿ. ಆದರೆ ಪೌಸಾನಿಯಸ್ ಎಂಬ ಪ್ರವಾಸಿಯು ಬೇರೊಂದು ಕತೆಯನ್ನು ಬರೆದಿಟ್ಟಿರುವನು. ಕೊರಿಂತ್ ನಗರದ ಫೈಡೋಲಸನ ಔರ ಎಂಬ ಹೆಣ್ಣುಕುದುರೆಯು ಓಟದ ಆರಂಭದಲ್ಲಿಯೇ ಸವಾರನನ್ನು ಕೆಡವಿತಂತೆ. ಆದರೂ ಅದು ನಿಲ್ಲದೆ ಓಡಿ, ತಿರುವಿನಲ್ಲಿ ಸರಿಯಾಗಿ ತಿರುಗಿ, ತುತ್ತೂರಿಯ ಧ್ವನಿಗೆ ವೇಗವನ್ನು ಹೆಚ್ಚಿಸಿ, ಮೊದಲನೆಯದಾಗಿ ಬಂದು, ತಾನು ಗೆದ್ದೆನೆಂದು ತಿಳಿದು ನಿಂತಿತಂತೆ. ನ್ಯಾಯಗಾರರು ಗೆಲುವನ್ನು ಒಪ್ಪಿ, ಆ ಕುದುರೆಯ ಪ್ರತಿಮೆಯನ್ನು ಒಲಿಂಪಿಯದಲ್ಲಿ ನಿಲ್ಲಿಸಲು ಒಡೆಯನಿಗೆ ಅಪ್ಪಣೆಯಿತ್ತರು. ಬೆನ್ನ ಮೇಲೆ ಯಾರೂ ಇಲ್ಲದಾಗ ಓಡಿದುದು ಕುದುರೆಯೊಳಗೆ ಇಳಿದುಹೋಗಿದ್ದ ಶಿಕ್ಷಣವಲ್ಲವೆ? ಕತೆಯಲ್ಲಿ ಶಿಕ್ಷಕನ ಹೆಸರಿಲ್ಲ. ಆದರೆ ಕತೆಯೇ ಅವನದು.

ಪ್ರಾಣಿಗೆ ಕಲ್ಲು ನಿಲ್ಲಿಸಿ ಮನ್ನಣೆ ಮಾಡುವುದು ಗ್ರೀಕರಿಗೆ ಮಾತ್ರ ಸೇರಿದ ಗುಣವಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದ ಒಂದು ವೀರಗಲ್ಲನ್ನು ಶ್ರೋತೃಗಳಲ್ಲಿ ಹಲವರು ನೋಡಿರಬಹುದು. ಅದು ಶಕ 872ರ, ಎಂದರೆ ಸುಮಾರು ಕ್ರಿ.ಶ. 950ರ ಶಾಸನ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಶೌರ್ಯವನ್ನು ತೋರಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೇರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಹೆಸರಿನ ಬೇಟೆಯ ನಾಯಿಯನ್ನು ಬೇಡಿದನು. ಆಮೇಲೆ ಆ ನಾಯಿಯು ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕಾಗಿ ಕಲ್ಲು ನಿಂತಿತು. ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪವು ತಟ್ಟುವುದೆಂದೂ ಬರೆಯಿಸಿದರು. ಕಲ್ಲಿನ ಮೇಲೆ ಕೆತ್ತಿರುವುದು ಮಣಲೇರನನ್ನಲ್ಲ, ನಾಯಿ ಹಂದಿಗಳ ಕಾಳಗವನ್ನು.

ಈ ಶಾಸನವನ್ನು ನಾವು ರಾಜಕೀಯ ಚರಿತ್ರೆಗಾಗಿ ಓದುವುದುಂಟು; ತಕ್ಕೋಲದ ಯುದ್ಧಕ್ಕೆ ಅದು ಮುಖ್ಯವಾದ ಆಧಾರ. ಆದರೆ ಈ ಹೊತ್ತಿನ ನಮ್ಮ ಪ್ರಶ್ನೆಗೂ ಅಲ್ಲಿ ಉತ್ತರವಿದೆ. ತಾನು ಮೆಚ್ಚಿದ ಪ್ರಾಣಿಯು ಗೆದ್ದಾಗ ಮನುಷ್ಯನು ಮಾಡಬಹುದಾದ ಎರಡು ಕೆಲಸಗಳುಂಟು. ಆ ಗೆಲುವನ್ನು ತನ್ನ ಬಿರುದುಗಳ ಸಾಲಿಗೆ ಸೇರಿಸಿಕೊಳ್ಳುವುದು ಒಂದು. ಗೆಲುವನ್ನು ಪ್ರಾಣಿಗೇ ಬಿಟ್ಟುಕೊಟ್ಟು, ಇದು ಅದರ ಸಾಹಸವೆಂದು ಸಾರುವುದು ಇನ್ನೊಂದು. ಮಣಲೇರನು ಎರಡನೆಯದನ್ನು ಆರಿಸಿಕೊಂಡನು. ನಿಜವಾದ ಶಿಕ್ಷಕನ ಹೆಮ್ಮೆಯೂ ಈ ಜಾತಿಯದೇ ಎಂದು ನಮ್ಮ ಎಣಿಕೆ.

ಕನ್ನಡ ನಾಡಿನ ಅರಸರಿಗೆ ಕುದುರೆಯ ಆಟಗಳಲ್ಲಿದ್ದ ಆಸಕ್ತಿಗೂ ಸಾಕ್ಷ್ಯಗಳುಂಟು. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ರಾಷ್ಟ್ರಕೂಟರ ನಾಲ್ಕನೆಯ ಇಂದ್ರನನ್ನು ಕುರಿತ ಅಲ್ಲಿಯ ಶಾಸನವು ಅವನ ಚೆಂಡಾಟದ ಕೌಶಲ್ಯವನ್ನು ವಿಸ್ತಾರವಾಗಿ ಹೊಗಳುವುದು. ಅದು ಕುದುರೆಯ ಮೇಲಿನ ಚೆಂಡಾಟವೆಂದು ವಿದ್ವಾಂಸರ ಅಭಿಪ್ರಾಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳಲ್ಲೊಂದಾಗಿ ವಾಜಿವಾಹ್ಯಾಳಿಯನ್ನು ವರ್ಣಿಸಿರುವನು. ಅರಸನು ಹೇಗೆ ಮೈದಾನಕ್ಕೆ ಬರಬೇಕು, ಎರಡು ಪಕ್ಷಗಳವರು ಹೇಗೆ ಚೆಂಡನ್ನು ಹೊಡೆಯಬೇಕು ಎಂಬುದಕ್ಕೆಲ್ಲ ಅಲ್ಲಿ ವಿಧಿಯುಂಟು. ಅದೇ ಗ್ರಂಥದಲ್ಲಿ ಆನೆ, ಟಗರು, ಕೋಣ, ಕೋಳಿ, ನಾಯಿಗಳ ವಿನೋದಗಳೂ ಬರುತ್ತವೆ.

ಅರಸರ ಈ ಆಟಗಳಿಗೆ ಬೇಕಾದ ಕುದುರೆಯಾದರೋ ಪರದೇಶದ ಸರಕು. 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಪಾಂಡ್ಯರ ನಾಡಿನಲ್ಲಿ ಪ್ರತಿ ವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದರೂ ಅವುಗಳನ್ನು ನೋಡಿಕೊಳ್ಳಬಲ್ಲ ಜನರಿಲ್ಲದೆ ಬಹುಪಾಲು ಸಾಯುತ್ತಿದ್ದುವೆಂದು ಹೇಳಿರುವನು. ಭಂಡಾರದಲ್ಲಿ ಹೊನ್ನಿದ್ದ ಮಾತ್ರಕ್ಕೆ ಕುದುರೆಯು ಉಳಿಯದು. ಬಲ್ಲವನ ಕೈ ಬೇಕು. ವಿಜಯನಗರದ ಅರಸರು ಇದನ್ನು ತಿಳಿದಿದ್ದರು. ಭಟ್ಕಳ, ಗೋವೆ ಮುಂತಾದ ರೇವುಗಳಲ್ಲಿ ಹೊರ್ಮುಜಿನ ಕುದುರೆಗಳು ಇಳಿಯುತ್ತಿದ್ದುವು. ಆ ಹಡಗುಗಳವರಲ್ಲಿ ದಕ್ಷಿಣಕ್ಕೆ ಸಾಗಿದವರು ಸಂಸೆಯ ಬೆಟ್ಟದ ಕುದುರೆಮೋರೆಯನ್ನು ಕಡಲಿನಿಂದ ಕಂಡಿರಲೂಬಹುದು. ಪೋರ್ಚುಗೀಸನಾದ ನೂನಿಜನು, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿರುವನು. ಸಾಳುವ ನರಸಿಂಹನು ಕಡಲಿನಲ್ಲಿ ಸತ್ತ ಕುದುರೆಗೂ, ಅದರ ಬಾಲವನ್ನು ತಂದು ತೋರಿಸಿದರೆ ಸಾಕು, ಬೆಲೆ ಕೊಡುತ್ತಿದ್ದನೆಂಬುದೂ ಅವನ ಮಾತೇ. ಅರಸನ ಸವಾರರಿಗೆ ಕುದುರೆಯ ಜತೆಯಲ್ಲಿ ಅದನ್ನು ನೋಡಿಕೊಳ್ಳುವ ಆಳೂ ಅರಮನೆಯಿಂದಲೇ ದೊರೆಯುತ್ತಿದ್ದನು.

1520ರ ಹೊತ್ತಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪಾಯೆಸನು ಒಂದು ಕುದುರೆಯ ವಿಷಯವನ್ನು ಹೇಳುವನು. ಸಾಲಾಗಿ ಬರುವ ಅಲಂಕೃತವಾದ ಕುದುರೆಗಳ ಮುಂದೆ, ಎರಡು ರಾಜಛತ್ರಗಳ ಅಡಿಯಲ್ಲಿ, ಎಲ್ಲಕ್ಕಿಂತಲೂ ಹೆಚ್ಚಿನ ಶೃಂಗಾರದಿಂದ ಒಂದು ಕುದುರೆಯು ಬರುತ್ತಿತ್ತು. ಅರಸರು ಪಟ್ಟವೇರುವಾಗ ಪ್ರತಿಜ್ಞೆ ಮಾಡುತ್ತಿದ್ದುದು ಆ ಕುದುರೆಯ ಮೇಲೆ. ಅದು ಸತ್ತರೆ ಅದರ ಸ್ಥಾನಕ್ಕೆ ಮತ್ತೊಂದು. ಅದನ್ನು ನಡೆಸಿಕೊಂಡು ಬರುತ್ತಿದ್ದವನು ಅರಸನ ಅಶ್ವಶಾಲೆಯ ಒಬ್ಬ ಕಿರಿಯ ಅಧಿಕಾರಿ. ಛತ್ರದ ನೆರಳು ಕುದುರೆಗೆ. ಕುದುರೆಯ ಬಾಯಿಯ ಹಗ್ಗ ಇವನ ಕೈಯಲ್ಲಿ. ಪಾಯೆಸನು ಇವನ ಹೆಸರನ್ನು ಕೇಳಲಿಲ್ಲ.

“ಕುದುರೆ ಕಂಡರೆ ಕಾಲುನೋವು” ಎಂಬ ನಮ್ಮ ಗಾದೆಯೂ ಏರುವವನ ಕಡೆಯದೇ. ಕುದುರೆಯ ಪಕ್ಕದಲ್ಲಿ ನಡೆಯುವವನ ಕಾಲುನೋವನ್ನು ಅದು ಹೇಳದು.

ಹೆಸರುಗಳು ಅಳಿದರೂ ವಿದ್ಯೆಯು ಅಳಿಯಲಿಲ್ಲ. ಸುಮಾರು 1400ರಲ್ಲಿದ್ದ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡದಲ್ಲಿ ಬರೆದನು. ಮೈಸೂರಿನಲ್ಲಿ 1617ರಿಂದ 1637ರ ವರೆಗೆ ಆಳಿದ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣಪಂಡಿತನ ಹಯಸಾರಸಮುಚ್ಚಯವು ಹುಟ್ಟಿತು. ಸಂಸ್ಕೃತದ ಶಾಲಿಹೋತ್ರ ಪರಂಪರೆಯಿಂದ ಬಂದ ಈ ಜಾತಿಯ ಗ್ರಂಥಗಳಲ್ಲಿ ಹಲ್ಲನ್ನು ನೋಡಿ ವಯಸ್ಸನ್ನು ತಿಳಿಯುವ ಬಗೆ, ಬಣ್ಣ, ಸುಳಿಗಳ ಲಕ್ಷಣ, ಮೇವಿನ ಕ್ರಮ, ರೋಗ, ಔಷಧಗಳು ಬರುವುವು. ಸುಳಿಗಳ ಶುಭಾಶುಭಗಳನ್ನು ಇಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ಒಂದು ಪ್ರಾಣಿಯನ್ನು ಇಷ್ಟು ಹತ್ತಿರದಿಂದ, ಕೂದಲು ಕೂದಲಾಗಿ ನೋಡಿದ ಕಣ್ಣುಗಳು ಆ ಸಾಲುಗಳ ಹಿಂದೆ ಇವೆಯೆಂಬುದನ್ನು ಅಲ್ಲಗಳೆಯಲಾಗದು.

ಟೀಪು ಸುಲ್ತಾನನ ಕಾಲದಷ್ಟು ಹಿಂದಿನಿಂದಲೂ ಕುದುರೆಗಳ ಸಾಕಣೆಗೆ ಹೆಸರಾದ ಕುಣಿಗಲಿನ ಫಾರಮ್ಮು ಈ ವಿದ್ಯೆಯನ್ನು ಆಧುನಿಕ ಕಾಲಕ್ಕೆ ತಂದಿತು. 1891ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರು ರೇಸ್ ಕ್ಲಬ್ಬು ಸ್ಥಾಪಿತವಾಯಿತು. 1921ರಲ್ಲಿ ಬೆಂಗಳೂರಿನ ಟರ್ಫ್ ಕ್ಲಬ್ಬು. ಓಡಿದ ಕುದುರೆಗಳ ತಳಿಯೂ ಬದಲಾಯಿತು. ಇಂಗ್ಲೆಂಡಿನಲ್ಲಿ 17ನೆಯ ಮತ್ತು 18ನೆಯ ಶತಮಾನಗಳಲ್ಲಿ ಪೂರ್ವದೇಶಗಳಿಂದ ತರಿಸಿದ ಮೂರು ಗಂಡುಕುದುರೆಗಳಿಂದ ಬೆಳೆದ ಥರೋಬ್ರೆಡ್ ಎಂಬ ತಳಿಯು ಇಲ್ಲಿಗೂ ಬಂದಿತು. ಅದರೊಡನೆ ಟ್ರೇನರ್ ಎಂಬ ಅಧಿಕಾರವೂ ಬಂದಿತು. ರೇಸಿನ ಪಟ್ಟಿಯಲ್ಲಿ ಕುದುರೆ, ಒಡೆಯ, ಸವಾರರ ಜತೆಯಲ್ಲಿ ಪಳಗಿಸಿದವನ ಹೆಸರೂ ಅಚ್ಚಾಗತೊಡಗಿತು. ಕಿಕ್ಕುಲಿಯ ಅನಂತರ ಅಶ್ವಶಿಕ್ಷಕನಿಗೆ ತನ್ನ ಹೆಸರು ಮರಳಿ ದೊರೆತುದು ಹೀಗೆ. ಲಾಯದಲ್ಲಿ ಮೈಯುಜ್ಜುವ ಸೈಸನ ಹೆಸರು ಮಾತ್ರ ಜನರ ನಾಲಗೆಗೆ ಬಾರದೆಯೇ ಉಳಿಯಿತು.

ನಮ್ಮ ನಾಡಿನ ಟ್ರೇನರುಗಳಲ್ಲಿ ಬೆಂಗಳೂರಿನ ರಶೀದ್ ಬೈರಾಮ್‌ಜಿಯವರ ಹೆಸರು ಮುಂದೆ ನಿಲ್ಲುವುದು. ಅವರು ಪಳಗಿಸಿದ ಸ್ಕ್ವಾಂಡರರ್ ಎಂಬ ಕುದುರೆಯು ಜಗದೀಶ್ ಎಂಬ ಜಾಕಿಯ ಸವಾರಿಯಲ್ಲಿ 1977ರ ಇಂಡಿಯನ್ ಡರ್ಬಿಯನ್ನು ಗೆದ್ದುದಲ್ಲದೆ, ತ್ರಿವಳಿ ಕಿರೀಟವೆಂದು ಕರೆಯುವ ಮೂರು ಓಟಗಳನ್ನೂ ಗೆದ್ದಿತು. ಶ್ರೋತೃಗಳು ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಮೂರರಲ್ಲಿ ಮೊದಲನೆಯದು 1,600 ಮೀಟರಿನ ಓಟ, ಡರ್ಬಿಯು 2,400 ಮೀಟರಿನದು, ಮೂರನೆಯದು 2,800 ಮೀಟರಿನದು. ಮೊದಲನೆಯದಕ್ಕೆ ಚುರುಕು ಬೇಕು, ಕೊನೆಯದಕ್ಕೆ ದಮ್ಮು ಬೇಕು. ಸಾಮಾನ್ಯವಾಗಿ ಒಂದು ಇರುವ ಕುದುರೆಯಲ್ಲಿ ಇನ್ನೊಂದು ಇರುವುದಿಲ್ಲ. ಒಂದೇ ಪ್ರಾಣಿಯನ್ನು ಮೂರಕ್ಕೂ ಸಿದ್ಧಗೊಳಿಸುವುದೆಂದರೆ, ಎಷ್ಟು ಓಡಿಸಬೇಕೆಂಬುದಕ್ಕಿಂತ ಎಂದು ಓಡಿಸಬಾರದೆಂಬುದನ್ನು ಬಲ್ಲವನಾಗಿರಬೇಕು. ಓಟದ ದಿನ ಜನರು ನೋಡುವುದು ಚಾವಟಿಯನ್ನು. ಗೆಲುವು ಸಿದ್ಧವಾಗಿರುವುದು ಈ ತಾಳ್ಮೆಯಲ್ಲಿ.

ಇನ್ನು ಕುದುರೆಯನ್ನು ಬಿಟ್ಟು, ಸಂಸೆಯಿಂದ ಪಶ್ಚಿಮಕ್ಕೆ ಘಟ್ಟವನ್ನಿಳಿದರೆ ನಮ್ಮ ಪ್ರಶ್ನೆಯು ಬೇರೊಂದು ವೇಷದಲ್ಲಿ ಎದುರಾಗುವುದು. ಹಿಂದೆ ಭೈರರಸರು ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಕೂಡಿಸಿ ಆಳಿದರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದವನು ಆ ವಂಶದ ವೀರಪಾಂಡ್ಯನು. ಆ ಸೀಮೆಯಲ್ಲಿ ಕುದುರೆಯ ಸ್ಥಾನದಲ್ಲಿ ನಿಂತಿರುವುದು ಕೋಣ. ಕೊಯ್ಲಾದ ಬಳಿಕ ಕೆಸರು ಗದ್ದೆಯಲ್ಲಿ ನಡೆಯುವ ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳುಂಟು. ಜೋಡಿ ಕೋಣಗಳು ಇಂತಹ ಮನೆಯವೆಂದೇ ಹೆಸರಾಗುವುವು. ಬೇಸಗೆಯಲ್ಲಿ ಅವುಗಳಿಗೆ ಎಣ್ಣೆ ತಿಕ್ಕುವುದೇನು, ನೀರಿನಲ್ಲಿ ಈಜಿಸುವುದೇನು, ಹುರುಳಿ ಬೇಯಿಸಿ ತಿನ್ನಿಸುವುದೇನು! ರೇಸಿನ ಲಾಯದಲ್ಲಿ ನಡೆಯುವ ಉಪಚಾರಕ್ಕೆ ಇದು ಯಾವ ವಿಧದಲ್ಲಿಯೂ ಕಡಮೆಯಲ್ಲ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ತಮ್ಮ ಜೋಡಿ ಕೋಣಗಳ ಹಿಂದೆ 142.50 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಲೆಕ್ಕ ಹಾಕಿ, 100 ಮೀಟರಿಗೆ 9.55 ಸೆಕೆಂಡು ಎಂದರು. ಜಗತ್ತಿನ ಅತಿವೇಗದ ಓಟಗಾರನನ್ನೂ ಮೀರಿಸಿದನೆಂಬ ಕೋಲಾಹಲವೆದ್ದಿತು. ಕೇಂದ್ರ ಸರ್ಕಾರದ ಕ್ರೀಡಾ ಸಂಸ್ಥೆಯಿಂದ ಪರೀಕ್ಷೆಗೆ ಕರೆಯೂ ಬಂದಿತು. ಆಗ ಅವರು ತೋರಿದ ನಡತೆಯು ಸ್ಮರಣೀಯವಾದುದು. ವೇಗವು ಕೋಣಗಳದು, ತಾನು ಅವುಗಳ ಹಿಂದೆ ಓಡಿದವನು ಎಂಬ ಅಭಿಪ್ರಾಯದ ಮಾತನ್ನಾಡಿ, ಕೆಸರಿನ ಓಟವೇ ಬೇರೆ, ಮೈದಾನದ ಓಟವೇ ಬೇರೆಯೆಂದು ತಿಳಿಸಿ, ಅವರು ಪರೀಕ್ಷೆಯಿಂದ ಹಿಂದೆ ಸರಿದರು. ಒಂದು ಸಾವಿರ ವರ್ಷಗಳ ಹಿಂದೆ ಆತಕೂರಿನ ಕಲ್ಲು ಹೇಳಿದ ಮಾತಿಗೂ ಈ ಮಾತಿಗೂ ಹೆಚ್ಚಿನ ಭೇದವಿಲ್ಲ.

ಈ ಹೆಮ್ಮೆಯನ್ನು ಹೊಗಳುವಾಗ ನಾವು ಒಂದು ಕಠಿಣವಾದ ವಿಷಯವನ್ನು ಮರೆಯಲಾಗದು. ಪ್ರಾಣಿಯು ಬಾಯಿಲ್ಲದುದು, ಓಡುತ್ತೇನೆಂದು ಅದು ಒಪ್ಪಿಗೆ ಕೊಟ್ಟುದಿಲ್ಲ. ರೇಸಿನ ಮೈದಾನದಲ್ಲಿ ಕಾಲು ಮುರಿದ ಕುದುರೆಗೆ ಅನೇಕ ವೇಳೆ ಸಾವೇ ಗತಿ. ಕಂಬಳದಲ್ಲಿ ಬಾರುಕೋಲಿನ ಪೆಟ್ಟಿನ ಮಾತು ನ್ಯಾಯಾಲಯದ ವರೆಗೂ ಹೋಯಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮೊದಲಾದ ಆಟಗಳನ್ನು ನಿಷೇಧಿಸಿ ತೀರ್ಪಿತ್ತಿತು. ಅದರ ಬಿಸಿಯು ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕವು ಕಾನೂನಿಗೆ ತಿದ್ದುಪಡಿಯನ್ನು ತಂದು, ಹಿಂಸೆಯಾಗದಂತೆ ನಡೆಸಬೇಕೆಂಬ ಕಟ್ಟಳೆಯೊಡನೆ ಕಂಬಳಕ್ಕೆ ಅವಕಾಶವಿತ್ತಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕಾನೂನು ಆಡಬೇಕಾದ ಮಾತನ್ನು ಆಡಿದೆ. ಆದರೆ ಲಾಯದೊಳಗೆ, ಕೊಟ್ಟಿಗೆಯೊಳಗೆ, ಬೆಳಗಿನ ಐದು ಗಂಟೆಯ ಕತ್ತಲೆಯಲ್ಲಿ ಕಾನೂನಿನ ಕಣ್ಣು ಇರುವುದಿಲ್ಲ. ಅಲ್ಲಿರುವುದು ಪಳಗಿಸುವವನ ಕಣ್ಣು ಮಾತ್ರ. ಗೆಲುವು ತನ್ನದೆಂದು ಅವನು ತಿಳಿದರೆ ಪ್ರಾಣಿಯು ಅವನಿಗೆ ಸಾಧನವಾಗುವುದು. ಸಾಧನವನ್ನು ಮುರಿಯುವ ವರೆಗೂ ಬಳಸಬಹುದು. ಗೆಲುವು ಪ್ರಾಣಿಯದೆಂದು ತಿಳಿದರೆ, ಅದರ ಕಾಲಿನ ಬಿಸಿಯನ್ನು ಕಂಡ ದಿನ, ಒಡೆಯನು ಏನೇ ಅನ್ನಲಿ, ಪಣ ಕಟ್ಟಿದವರು ಎಷ್ಟೇ ಕೂಗಲಿ, ಇಂದು ಓಡಿಸುವುದಿಲ್ಲವೆಂದು ಹೇಳುವ ಧೈರ್ಯವು ಅವನಿಗೆ ಬರುವುದು. ಅವನ ಹೆಮ್ಮೆಗೆ ಬೆಲೆಯನ್ನು ಕಟ್ಟಬೇಕಾದುದು ಅಂತಹ ದಿನದಲ್ಲಿ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಇನ್ನು ಮುಂದೆ ಗೆದ್ದ ಕುದುರೆಯ ಚಿತ್ರವನ್ನು ಪತ್ರಿಕೆಯಲ್ಲಿ ಕಂಡಾಗ, ಬಟ್ಟಲನ್ನು ಹಿಡಿದ ಒಡೆಯನನ್ನೂ ಬಣ್ಣದ ಅಂಗಿಯ ಸವಾರನನ್ನೂ ನೋಡಿದ ಮೇಲೆ, ಕುದುರೆಯ ತಲೆಯ ಪಕ್ಕದಲ್ಲಿ ಹಗ್ಗವನ್ನು ಹಿಡಿದು ನಿಂತವನ ಕಡೆಗೂ ಒಂದು ಕ್ಷಣ ಕಣ್ಣು ಹರಿಯಲಿ. ಅವನು ಛಾಯಾಚಿತ್ರಗಾರನ ಕಡೆಗೆ ನೋಡುತ್ತಿರುವುದು ಅಪರೂಪ. ಸಾಮಾನ್ಯವಾಗಿ ಕುದುರೆಯನ್ನೇ ನೋಡುತ್ತಿರುವನು.